ಕಾಫಿ ಪುಡಿಯಿಂದ ಫಿಲ್ಮ್ ರೋಲ್ ತೊಳೆಯಬಹುದೇ? ಕಪ್ಪು-ಬಿಳುಪು ಫಿಲ್ಮ್ ಬಗ್ಗೆ ಹರಿದಾಡುವ ಮಾತುಗಳಲ್ಲಿ ನಿಜವೆಷ್ಟು?

ಹಳೆಯ ಕ್ಯಾಮೆರಾದಲ್ಲಿ ಉಳಿದುಹೋದ ರೋಲನ್ನು ಅಡುಗೆಮನೆಯ ಕಾಫಿ ಪುಡಿಯಿಂದಲೇ ತೊಳೆದು ಚಿತ್ರ ಬರಿಸಬಹುದು ಎನ್ನುವ ಕಿರು ವಿಡಿಯೊಗಳನ್ನು ನೀವೂ ನೋಡಿರಬಹುದು. ಕಂದು ನೀರಿನ ಡಬ್ಬಿಯಿಂದ ಫಿಲ್ಮ್ ಹೊರಬರುತ್ತದೆ, ಅದರಲ್ಲಿ ಮುಖಗಳು ಕಾಣುತ್ತವೆ, ಒಂದು ನಿಮಿಷದಲ್ಲಿ ವಿಡಿಯೊ ಮುಗಿಯುತ್ತದೆ. ಇದರ ಜೊತೆಗೆ ಇನ್ನೂ ಎರಡು ಮಾತುಗಳು ಓಡಾಡುತ್ತವೆ. ಒಂದು, ಕೆಂಪು ಬಲ್ಬ್ ಹಾಕಿಕೊಂಡರೆ ಫಿಲ್ಮ್‌ಗೆ ಏನೂ ಆಗುವುದಿಲ್ಲ ಎನ್ನುವುದು. ಇನ್ನೊಂದು, ಹಳೆಯ ನೆಗೆಟಿವ್‌ಗಳಲ್ಲಿ ಬೆಳ್ಳಿ ಇದೆ, ಮಾರಿದರೆ ದುಡ್ಡು ಎನ್ನುವುದು.

ಇವುಗಳಲ್ಲಿ ಒಂದು ನಿಜ, ಆದರೆ ಅರ್ಧ ಮಾತ್ರ. ಒಂದು ಸುಳ್ಳು. ಮತ್ತೊಂದು ನಂಬಿದರೆ ಮನೆಗೇ ನಷ್ಟ. ಸಾರಿಗೆ ಉಪ್ಪು ಹೆಚ್ಚಾದರೆ ಮತ್ತೊಮ್ಮೆ ಮಾಡಬಹುದು. ತೊಳೆಯದ ಫಿಲ್ಮ್ ರೋಲ್ ಹಾಗಲ್ಲ, ಅದಕ್ಕೆ ಒಂದೇ ಅವಕಾಶ. ಅಜ್ಜ ತೆಗೆದ ಕೊನೆಯ ರೋಲ್ ಅದಾಗಿದ್ದರೆ, ತಪ್ಪಾದ ಮೇಲೆ ಯಾವ ಆ್ಯಪ್ ಕೂಡ ಅದನ್ನು ಮರಳಿಸಲಾರದು. ಹಾಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಕಾಫಿಯಿಂದ ಕಪ್ಪು-ಬಿಳುಪು ಫಿಲ್ಮ್ ತೊಳೆಯುವುದು ಸಾಧ್ಯ. ಆದರೆ ಬರೀ ಕಾಫಿಯಿಂದ ಅಲ್ಲ. ಕಾಫಿಯ ನಂತರವೂ ಹೈಪೊ ಬೇಕೇ ಬೇಕು.
• ಫಿಲ್ಮ್ ಡಬ್ಬಿಗೆ ಸೇರುವವರೆಗೆ ಪೂರ್ತಿ ಕತ್ತಲೆ ಬೇಕು. ಕೆಂಪು ಬಲ್ಬ್ ಕೂಡ ಇರಬಾರದು.
• ಮನೆಯಲ್ಲಿ ಫಿಲ್ಮ್ ತೊಳೆಯುವುದು ಕಷ್ಟದ ವಿದ್ಯೆಯಲ್ಲ. ಆದರೆ ಮತ್ತೆ ಸಿಗದ ರೋಲ್ ಮೇಲೆ ಮೊದಲ ಪ್ರಯೋಗ ಬೇಡ.
• ಸ್ಕ್ಯಾನ್ ಆದ ಮೇಲೂ ನೆಗೆಟಿವ್ ಎಸೆಯಬೇಡಿ, ಮಾರಬೇಡಿ.

ಫಿಲ್ಮ್ ಮೇಲೆ ಚಿತ್ರ ಮೂಡುವುದು ಹೇಗೆ?

ಕಪ್ಪು-ಬಿಳುಪು ಫಿಲ್ಮ್ ಎಂದರೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಳಿದ ಜಿಲೆಟಿನ್ ಪದರ. ಆ ಪದರದಲ್ಲಿ ಬೆಳ್ಳಿಯ ಲವಣದ, ಮುಖ್ಯವಾಗಿ ಸಿಲ್ವರ್ ಬ್ರೋಮೈಡ್‌ನ, ಅತಿ ಸಣ್ಣ ಹರಳುಗಳಿರುತ್ತವೆ. ಕ್ಯಾಮೆರಾದ ಗುಂಡಿ ಒತ್ತಿದಾಗ ಬೆಳಕು ಬಿದ್ದ ಹರಳುಗಳಲ್ಲಿ ಬೆರಳೆಣಿಕೆಯಷ್ಟು ಬೆಳ್ಳಿ ಪರಮಾಣುಗಳು ಹುಟ್ಟುತ್ತವೆ. ಇಷ್ಟು ಸಣ್ಣ ಬದಲಾವಣೆ ಕಣ್ಣಿಗೆ ಕಾಣುವುದಿಲ್ಲ. ಚಿತ್ರ ಅಲ್ಲಿದೆ, ಆದರೆ ಅಡಗಿದೆ.

ಅದನ್ನು ಹೊರತರುವ ದ್ರಾವಣಕ್ಕೆ ಡೆವಲಪರ್ ಎಂದು ಹೆಸರು. ಬೆಳಕು ತಾಗಿದ ಹರಳುಗಳನ್ನು ಅದು ಪೂರ್ತಿ ಬೆಳ್ಳಿಯಾಗಿ ಬದಲಿಸುತ್ತದೆ. ಈ ಸಣ್ಣ ಕಣಗಳ ಬೆಳ್ಳಿ ಹೊಳೆಯುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಬೆಳಕು ಹೆಚ್ಚು ಬಿದ್ದ ಕಡೆ ಹೆಚ್ಚು ಕಪ್ಪು. ಅದಕ್ಕೇ ನೆಗೆಟಿವ್‌ನಲ್ಲಿ ಬಿಳಿ ಪಂಚೆ ಕಪ್ಪಾಗಿಯೂ ಕಪ್ಪು ಕೂದಲು ಬಿಳಿಯಾಗಿಯೂ ಕಾಣುವುದು.

ಇಷ್ಟಾದರೂ ಬೆಳಕು ತಾಗದ ಹರಳುಗಳು ಪದರದಲ್ಲೇ ಉಳಿದಿರುತ್ತವೆ. ಅವನ್ನು ತೆಗೆಯದಿದ್ದರೆ ಹೊರಗಿನ ಬೆಳಕಿಗೆ ಕ್ರಮೇಣ ಅವೂ ಕಪ್ಪಾಗಿ ಚಿತ್ರ ಮುಳುಗಿಹೋಗುತ್ತದೆ. ಅವನ್ನು ಕರಗಿಸಿ ತೆಗೆಯುವುದು ಫಿಕ್ಸರ್. ನಮ್ಮ ಸ್ಟುಡಿಯೊಗಳಲ್ಲಿ ಇದಕ್ಕೆ ಹೈಪೊ ಎಂದೇ ಹೆಸರು. ಅದು ಸೋಡಿಯಂ ಥಯೋಸಲ್ಫೇಟ್. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಈ ಗುಣವನ್ನು 1819ರಲ್ಲೇ ಗುರುತಿಸಿದ್ದರು. ಇಪ್ಪತ್ತು ವರ್ಷಗಳ ನಂತರ, 1839ರಲ್ಲಿ ಫೋಟೊಗ್ರಫಿ ಹುಟ್ಟಿದಾಗ, ಮೂಡಿದ ಚಿತ್ರವನ್ನು ಉಳಿಸಿಕೊಳ್ಳಲು ಅದೇ ನೆರವಿಗೆ ಬಂತು.

ಈ ಎರಡು ಕೆಲಸಗಳನ್ನು, ಅಂದರೆ ಮೂಡಿಸುವುದು ಮತ್ತು ಉಳಿಸುವುದು, ಬೇರೆ ಬೇರೆಯಾಗಿ ನೆನಪಿಟ್ಟುಕೊಂಡರೆ ಮುಂದಿನ ಎಲ್ಲ ಮಾತೂ ಸುಲಭ.

ಹೇಳಿಕೆ 1: ಕಾಫಿ ಪುಡಿ ಇದ್ದರೆ ಸಾಕು

ಅರ್ಧ ನಿಜ. ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ 1995ರಲ್ಲಿ ಪ್ರಾಧ್ಯಾಪಕ ಸ್ಕಾಟ್ ವಿಲಿಯಮ್ಸ್ ಮತ್ತು ಅವರ ವಿದ್ಯಾರ್ಥಿಗಳು ಇನ್‌ಸ್ಟಂಟ್ ಕಾಫಿಯಿಂದ ಡೆವಲಪರ್ ತಯಾರಿಸಿ ತೋರಿಸಿದರು. ಇದಕ್ಕೆ ಕ್ಯಾಫೆನಾಲ್ ಎಂಬ ಹೆಸರು ಬಂತು. ಹೆಸರು ಕೇಳಿದರೆ ಕೆಫೀನ್‌ನಿಂದ ಕೆಲಸ ನಡೆಯುತ್ತದೆ ಅನ್ನಿಸುತ್ತದೆ. ಹಾಗಲ್ಲ. ಕಾಫಿಯಲ್ಲಿರುವ ಕೆಫೀಕ್ ಆಮ್ಲದಂಥ ಬೇರೆ ಸಂಯುಕ್ತಗಳು ಈ ಕೆಲಸ ಮಾಡುತ್ತವೆ. ಅವು ಕ್ಷಾರೀಯ ದ್ರಾವಣದಲ್ಲಿ ಮಾತ್ರ ಚುರುಕಾಗುತ್ತವೆ. ಅದಕ್ಕಾಗಿ ವಾಷಿಂಗ್ ಸೋಡಾ ಸೇರಿಸಬೇಕು. ಮುಂದೆ ವಿಟಮಿನ್ ಸಿ ಕೂಡ ಸೇರಿಸುವ ರೂಢಿ ಬಂತು, ಏಕೆಂದರೆ ಅದೂ ಒಂದು ಡೆವಲಪರ್.

ಹವ್ಯಾಸಿಗಳು ಹೆಚ್ಚಾಗಿ ಬಳಸುವ ಒಂದು ಅಳತೆ ಹೀಗಿದೆ: ಒಂದು ಲೀಟರ್ ನೀರಿಗೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 15 ನಿಮಿಷ.

ವಿಡಿಯೊಗಳು ಸಾಮಾನ್ಯವಾಗಿ ಬಿಟ್ಟುಬಿಡುವ ವಿಷಯಗಳು ಇವು:

• ವಾಷಿಂಗ್ ಸೋಡಾ ಬೇರೆ, ಅಡುಗೆ ಸೋಡಾ ಬೇರೆ. ಇಡ್ಲಿ-ಬೋಂಡಾಕ್ಕೆ ಹಾಕುವ ಸೋಡಾ ಹಾಕಿದರೆ ಕ್ಷಾರ ಸಾಲದೆ ಚಿತ್ರ ಸರಿಯಾಗಿ ಮೂಡುವುದಿಲ್ಲ.
• ಲೆಕ್ಕ ಶುದ್ಧ ಇನ್‌ಸ್ಟಂಟ್ ಕಾಫಿಗೆ ಮಾಡಿದ್ದು. ನಮ್ಮ ಮನೆಗಳ ಚಿಕೋರಿ ಬೆರೆತ ಫಿಲ್ಟರ್ ಪುಡಿಗೆ ಇದೇ ಅಳತೆ, ಇದೇ ಸಮಯ ಹೊಂದುವುದಿಲ್ಲ.
• ಕಾಫಿ ಚಿತ್ರವನ್ನು ಮೂಡಿಸುತ್ತದೆ, ಉಳಿಸುವುದಿಲ್ಲ. ಹೈಪೊ ಇಲ್ಲದಿದ್ದರೆ ಫಿಲ್ಮ್ ಹಾಲಿನಂತೆ ಮಬ್ಬಾಗಿಯೇ ಇರುತ್ತದೆ, ಬೆಳಕಿಗೆ ಕಪ್ಪಾಗುತ್ತಾ ಹೋಗುತ್ತದೆ.
• ಈ ಮಿಶ್ರಣದ ವಾಸನೆ ಕಾಫಿಯ ಘಮವಲ್ಲ. ಕಿಟಕಿ ತೆರೆದೇ ಇರಲಿ.

ಹಾಗಾದರೆ ಕಾಫಿ ಯಾಕೆ? ಕುತೂಹಲಕ್ಕೆ, ಶಾಲೆ-ಕಾಲೇಜಿನ ಪ್ರಯೋಗಕ್ಕೆ ಅದು ಒಳ್ಳೆಯದು. ಆದರೆ ಒಂದೇ ರೀತಿಯ ಫಲಿತಾಂಶ ಬೇಕಾದರೆ ತಯಾರಾದ ಡೆವಲಪರ್ ಪುಡಿಯೇ ಲೇಸು. ಕೊಡಾಕ್ ಕಂಪನಿಯ ಡಿ-76 ಎಂಬ ಡೆವಲಪರ್ 1920ರ ದಶಕದಿಂದ ಬಳಕೆಯಲ್ಲಿದೆ. ಒಂದು ಲೀಟರ್‌ಗೆ 2 ಗ್ರಾಂ ಮೆಟಾಲ್, 5 ಗ್ರಾಂ ಹೈಡ್ರೋಕ್ವಿನೋನ್, 100 ಗ್ರಾಂ ಸೋಡಿಯಂ ಸಲ್ಫೈಟ್, 2 ಗ್ರಾಂ ಬೋರಾಕ್ಸ್, ಇಷ್ಟೇ ಅದರ ಗುಟ್ಟು. ಇಲ್‌ಫರ್ಡ್ ಕಂಪನಿಯ ಐಡಿ-11 ಕೂಡ ಬಹುತೇಕ ಇದೇ.

ಹೇಳಿಕೆ 2: ಕೆಂಪು ಬಲ್ಬ್ ಹಾಕಿಕೊಂಡು ಮಾಡಿದರೆ ತೊಂದರೆಯಿಲ್ಲ

ಸುಳ್ಳು. ಈ ತಪ್ಪು ತಿಳಿವಳಿಕೆಗೆ ಸಿನಿಮಾ ದೃಶ್ಯಗಳೂ ಒಂದು ಕಾರಣ. ಕೆಂಪು ಬೆಳಕಿನ ಕೋಣೆಯಲ್ಲಿ ತಟ್ಟೆಯೊಳಗೆ ಚಿತ್ರ ನಿಧಾನವಾಗಿ ಮೂಡುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಅಲ್ಲಿ ತಟ್ಟೆಯಲ್ಲಿರುವುದು ಫಿಲ್ಮ್ ಅಲ್ಲ, ಪ್ರಿಂಟ್ ಹಾಕುವ ಕಾಗದ. ಸಾಮಾನ್ಯ ಕಪ್ಪು-ಬಿಳುಪು ಕಾಗದಕ್ಕೆ ಕೆಂಪು ಬೆಳಕು ಬಹುಮಟ್ಟಿಗೆ ‘ಕಾಣುವುದಿಲ್ಲ’.

ಕ್ಯಾಮೆರಾದಲ್ಲಿ ಬಳಸುವ ಫಿಲ್ಮ್‌ಗಳು ಬಹುತೇಕ ಪ್ಯಾನ್‌ಕ್ರೊಮ್ಯಾಟಿಕ್. ಎಂದರೆ ಕೆಂಪು ಸೇರಿ ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುವಂಥವು. ಕೆಂಪು ಸೀರೆ, ಹಸಿರು ಸೀರೆ ಎರಡೂ ಸರಿಯಾದ ಛಾಯೆಯಲ್ಲಿ ಮೂಡಬೇಕಲ್ಲ, ಅದಕ್ಕೇ ಹಾಗೆ ಮಾಡಿರುತ್ತಾರೆ. ಹೀಗಾಗಿ ಕೆಂಪು ಬಲ್ಬ್ ಕೆಳಗೆ ರೋಲ್ ಬಿಚ್ಚಿದರೆ ಅಷ್ಟೂ ಚಿತ್ರ ಹಾಳು. ಮೊಬೈಲ್ ಪರದೆ, ಚಾರ್ಜರ್‌ನ ಪುಟ್ಟ ದೀಪ, ಬಾಗಿಲ ಸಂದಿಯ ಬೆಳಕು ಯಾವುದೂ ಇರಬಾರದು.

ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. ಅಲ್ಮೇರಾದಲ್ಲಿ ಹಳೆಯ ಕ್ಯಾಮೆರಾ ಸಿಕ್ಕರೆ, ರೋಲ್ ಇದೆಯೇ ಎಂದು ನೋಡಲು ಹಿಂಬಾಗಿಲು ತೆರೆಯಬೇಡಿ. 35 ಮಿ.ಮೀ. ಕ್ಯಾಮೆರಾ ಆದರೆ ಎಡಗಡೆಯ ಸುತ್ತುವ ಗುಂಡಿಯನ್ನು ಬಾಣದ ಗುರುತಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಎಳೆತ ಸಿಕ್ಕರೆ ಒಳಗೆ ರೋಲ್ ಇರುವ ಸಾಧ್ಯತೆ ಹೆಚ್ಚು.

ತೊಳೆಯುವ ಮೊದಲು: ಅದು ಯಾವ ರೋಲ್?

ಎಲ್ಲ ಹಳೆಯ ರೋಲ್ ಕಪ್ಪು-ಬಿಳುಪಲ್ಲ. ಡಬ್ಬಿಯ ಮೇಲಿನ ಅಕ್ಷರ ಓದಿ. ಸಿ-41 ಎಂದಿದ್ದರೆ ಅದು ಬಣ್ಣದ ನೆಗೆಟಿವ್‌ನ ವಿಧಾನ, ಲ್ಯಾಬ್‌ಗೆ ಕೊಡುವುದು ಸರಿ. ಇ-6 ಎಂದಿದ್ದರೆ ಬಣ್ಣದ ಸ್ಲೈಡ್. ಕೊಡಾಕ್ರೋಮ್ ಆಗಿದ್ದರೆ ಅದರ ಬಣ್ಣದ ಸಂಸ್ಕರಣೆ 2010ರ ಕೊನೆಗೆ ನಿಂತುಹೋಗಿದೆ. ಈಗ ಅದರಿಂದ ಕಪ್ಪು-ಬಿಳುಪು ಚಿತ್ರವನ್ನಷ್ಟೇ ಪಡೆಯಬಹುದು. ಇಲ್‌ಫರ್ಡ್ ಎಕ್ಸ್‌ಪಿ2 ಎಂಬ ಫಿಲ್ಮ್ ಕಪ್ಪು-ಬಿಳುಪಾದರೂ ಸಿ-41 ವಿಧಾನಕ್ಕೆಂದು ಮಾಡಿದ್ದು, ಹೆಸರು ನೋಡಿ ಮೋಸಹೋಗಬೇಡಿ.

ಟ್ರೈ-ಎಕ್ಸ್, ಎಚ್‌ಪಿ5, ಓರ್ವೊ ಎನ್‌ಪಿ ಮುಂತಾದ ಹೆಸರುಗಳಿದ್ದರೆ ಅದು ಕಪ್ಪು-ಬಿಳುಪು. ನಮ್ಮ ಪಕ್ಕದ ಊಟಿಯಲ್ಲೇ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ಇತ್ತು. 1960ರಲ್ಲಿ ಸ್ಥಾಪನೆಯಾಗಿ 1967ರಿಂದ ‘ಇಂದು’ ಎಂಬ ಹೆಸರಿನಲ್ಲಿ ಫಿಲ್ಮ್ ತಯಾರಿಸುತ್ತಿತ್ತು. ಈಗ ಮುಚ್ಚಿದೆ. ಆ ಹೆಸರಿನ ಡಬ್ಬಿ ನಿಮ್ಮ ಮನೆಯಲ್ಲಿ ಸಿಕ್ಕರೆ ಅದಕ್ಕೆ ದಶಕಗಳ ವಯಸ್ಸಾಗಿದೆ ಎಂದೇ ಅರ್ಥ. ಅಷ್ಟು ಹಳೆಯ ಫಿಲ್ಮ್ ಬಿಸಿಲು, ತೇವಗಳಿಗೆ ತಾನಾಗಿಯೇ ಮಸುಕಾಗಿರುತ್ತದೆ. ಅಂಥದ್ದನ್ನು ಹಳೆಯ ಫಿಲ್ಮ್ ಕೆಲಸ ಬಲ್ಲವರ ಕೈಗೆ ಕೊಡಿ.

ಮನೆಯಲ್ಲಿ ತೊಳೆಯುವುದು ಹೇಗೆ?

ಬೇಕಾದವು: ಬೆಳಕು ನುಗ್ಗದ ಮುಚ್ಚಳವಿರುವ ಡೆವಲಪಿಂಗ್ ಟ್ಯಾಂಕ್ ಮತ್ತು ಅದರ ಸುರುಳಿ, ಚೇಂಜಿಂಗ್ ಬ್ಯಾಗ್ ಅಥವಾ ಪೂರ್ತಿ ಕತ್ತಲಾದ ಕೋಣೆ, ಥರ್ಮಾಮೀಟರ್, ಅಳತೆ ಜಾರ್, ಮೊಬೈಲ್‌ನ ಟೈಮರ್, ಡೆವಲಪರ್, ಫಿಕ್ಸರ್, ಕ್ಲಿಪ್‌ಗಳು. ಡಾರ್ಕ್‌ರೂಮ್ ಬೇಕಿಲ್ಲ. ಫಿಲ್ಮ್ ಒಮ್ಮೆ ಟ್ಯಾಂಕ್ ಸೇರಿ ಮುಚ್ಚಳ ಬಿದ್ದಮೇಲೆ ಉಳಿದದ್ದೆಲ್ಲ ದೀಪ ಹಾಕಿಕೊಂಡೇ ಮಾಡಬಹುದು.

1. ಸುರುಳಿಗೆ ಸುತ್ತುವುದು. ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಕತ್ತಲಲ್ಲಿ ಬರೀ ಬೆರಳಿನ ಅಂದಾಜಿನಲ್ಲಿ ಮಾಡಬೇಕು. ಮೊದಲು ಒಂದು ಹಾಳು ರೋಲ್ ಇಟ್ಟುಕೊಂಡು ಬೆಳಕಿನಲ್ಲಿ, ಆಮೇಲೆ ಕಣ್ಣು ಮುಚ್ಚಿ ಅಭ್ಯಾಸ ಮಾಡಿ. ಸುರುಳಿ ಒಣಗಿರಲಿ, ಕೈ ಬೆವರಿರದಿರಲಿ. ತೇವವಿದ್ದರೆ ಫಿಲ್ಮ್ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

2. ಡೆವಲಪರ್. ಉದಾಹರಣೆಗೆ ಎಚ್‌ಪಿ5 ಪ್ಲಸ್ ಫಿಲ್ಮನ್ನು ನೀರು ಬೆರೆಸದ ಐಡಿ-11 ದ್ರಾವಣದಲ್ಲಿ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ ಇಡಬೇಕು. ಒಂದು 35 ಮಿ.ಮೀ. ರೋಲ್‌ಗೆ ಸಾಮಾನ್ಯ ಟ್ಯಾಂಕ್‌ನಲ್ಲಿ ಸುಮಾರು 300 ಮಿ.ಲೀ. ಸಾಕು. ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು ನಾಲ್ಕು ಸಲ ತಲೆಕೆಳಗು ಮಾಡಿ, ನಂತರ ಪ್ರತಿ ನಿಮಿಷದ ಆರಂಭದಲ್ಲಿ ನಾಲ್ಕು ಸಲ. ಪ್ರತಿ ಸಲ ತಳವನ್ನು ಮೆಲ್ಲಗೆ ತಟ್ಟಿ, ಗುಳ್ಳೆಗಳು ಫಿಲ್ಮ್‌ಗೆ ಅಂಟಿ ಕಲೆಯಾಗಬಾರದು.

3. ನಿಲ್ಲಿಸುವುದು. ಡೆವಲಪರ್ ಚೆಲ್ಲಿ ಅದೇ ಉಷ್ಣತೆಯ ನೀರು ತುಂಬಿ ಕುಲುಕಿ ಚೆಲ್ಲಿ. ಇದಕ್ಕಾಗಿಯೇ ಸಿಗುವ ಆಮ್ಲೀಯ ಸ್ಟಾಪ್ ಬಾತ್ ಕೂಡ ಬಳಸಬಹುದು.

4. ಫಿಕ್ಸರ್. ರ‍್ಯಾಪಿಡ್ ಫಿಕ್ಸರ್ ಒಂದು ಪಾಲಿಗೆ ನಾಲ್ಕು ಪಾಲು ನೀರು, 2ರಿಂದ 5 ನಿಮಿಷ. ಫಿಕ್ಸರ್‌ಗೆ ಶಕ್ತಿ ಇದೆಯೇ ಎಂದು ತಿಳಿಯಲು ಸುಲಭ ಉಪಾಯವಿದೆ. ರೋಲ್‌ನ ತುದಿಯಲ್ಲಿ ಕತ್ತರಿಸಿ ಎಸೆಯುವ ನಾಲಿಗೆಯಂಥ ಚೂರನ್ನು ಅದರಲ್ಲಿ ಅದ್ದಿ. ಚೂರು ಪಾರದರ್ಶಕವಾಗಲು ಎಷ್ಟು ಹೊತ್ತು ಹಿಡಿಯುತ್ತದೋ ಅದರ ಎರಡರಷ್ಟು ಹೊತ್ತು ಫಿಲ್ಮನ್ನು ಇಡಿ.

5. ನೀರಿನಲ್ಲಿ ಜಾಲಿಸುವುದು. ನಲ್ಲಿ ಬಿಟ್ಟು ಅರ್ಧ ಗಂಟೆ ನೀರು ಹರಿಸಬೇಕಿಲ್ಲ. ಇಲ್‌ಫರ್ಡ್ ಸೂಚಿಸುವ ವಿಧಾನದಲ್ಲಿ ಟ್ಯಾಂಕ್‌ಗೆ ನೀರು ತುಂಬಿ 5 ಸಲ ತಲೆಕೆಳಗು ಮಾಡಿ ಚೆಲ್ಲಬೇಕು, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ಮೂರು ಟ್ಯಾಂಕ್ ನೀರಿನಲ್ಲಿ ಮುಗಿಯಿತು. ಫಿಲ್ಮನ್ನು ಗಟ್ಟಿಗೊಳಿಸುವ ಹಾರ್ಡನರ್ ಬೆರೆಸದ ಫಿಕ್ಸರ್‌ಗೆ ಮಾತ್ರ ಇದು ಅನ್ವಯ.

6. ಒಣಗಿಸುವುದು. ಧೂಳಿಲ್ಲದ ಕಡೆ, ಬಳಸದೆ ಮುಚ್ಚಿಟ್ಟ ಬಚ್ಚಲುಮನೆಯಾದರೂ ಸರಿ, ಕೆಳತುದಿಗೆ ಒಂದು ಕ್ಲಿಪ್ ಹಾಕಿ ತೂಗುಬಿಡಿ. ಫ್ಯಾನ್ ಹಾಕಬೇಡಿ. ಒದ್ದೆ ಜಿಲೆಟಿನ್‌ಗೆ ಅಂಟಿದ ಧೂಳು ಒಣಗಿದ ಮೇಲೆ ಬಿಡುವುದಿಲ್ಲ.

ನಮ್ಮ ಊರಿನ ಸೆಕೆಗೆ ಏನು ಮಾಡುವುದು?

ಪಟ್ಟಿಗಳಲ್ಲಿರುವ 20 ಡಿಗ್ರಿ ತಂಪು ದೇಶಗಳ ಲೆಕ್ಕ. ಕಲಬುರಗಿಯ ಏಪ್ರಿಲ್‌ನಲ್ಲಿ ತಾರಸಿ ಟ್ಯಾಂಕಿನಿಂದ ಬರುವ ನೀರಿಗೂ ಅದಕ್ಕೂ ಸಂಬಂಧವೇ ಇಲ್ಲ. ಉಷ್ಣತೆ ಏರಿದಂತೆ ಡೆವಲಪರ್ ಬೇಗ ಕೆಲಸ ಮಾಡುತ್ತದೆ. 20 ಡಿಗ್ರಿಯಲ್ಲಿ 4 ನಿಮಿಷ ಬೇಕಾದದ್ದು 23 ಡಿಗ್ರಿಯಲ್ಲಿ 3 ನಿಮಿಷಕ್ಕೇ ಆಗುತ್ತದೆ, 16 ಡಿಗ್ರಿಯಲ್ಲಿ 6 ನಿಮಿಷ ಹಿಡಿಯುತ್ತದೆ. ಸಮಯ ತೀರಾ ಕಡಿಮೆಯಾದರೆ ಚಿತ್ರ ಒಂದೇ ಸಮನಾಗಿ ಮೂಡುವುದಿಲ್ಲ. ಸೆಕೆ ಹೆಚ್ಚಾದರೆ ಜಿಲೆಟಿನ್ ಮೆತ್ತಗಾಗುತ್ತದೆ, ಸುಲಭವಾಗಿ ಗೀಚುತ್ತದೆ.

ಪರಿಹಾರ ಸರಳ. ದ್ರಾವಣದ ಬಾಟಲಿಗಳನ್ನೂ ಜಾಲಿಸುವ ನೀರನ್ನೂ ಮಂಜುಗಡ್ಡೆ ಹಾಕಿದ ಬಕೆಟ್ ನೀರಿನಲ್ಲಿಟ್ಟು ಥರ್ಮಾಮೀಟರ್ ನೋಡುತ್ತಾ ತಣಿಸಿ. ಮಂಜುಗಡ್ಡೆಯನ್ನು ದ್ರಾವಣದೊಳಗೆ ಹಾಕಬೇಡಿ, ಅಳತೆ ಕೆಡುತ್ತದೆ. ಡೆವಲಪರ್ ತಂಪಾಗಿದ್ದು ನಂತರದ ನೀರು ಬಿಸಿಯಾಗಿದ್ದರೂ ಪದರ ಸುಕ್ಕುಗಟ್ಟಬಹುದು. ಎಲ್ಲವೂ ಹತ್ತಿರ ಹತ್ತಿರದ ಉಷ್ಣತೆಯಲ್ಲಿರಲಿ.

ಮನೆಯವರ ಸುರಕ್ಷತೆ

ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ದ್ರಾವಣಗಳನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡಬೇಡಿ. ಬಣ್ಣವಿಲ್ಲದ ಫಿಕ್ಸರ್ ನೋಡಲು ನೀರಿನಂತೆಯೇ ಇರುತ್ತದೆ, ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಕೈಗೆಟುಕದ ಕಡೆ ಇಡಿ. ಅಡುಗೆ ಪಾತ್ರೆ, ಚಮಚ, ಅಳತೆ ಲೋಟಗಳನ್ನು ಬಳಸಿ ಮತ್ತೆ ಅಡುಗೆಗೆ ತರಬೇಡಿ. ಮೆಟಾಲ್, ಹೈಡ್ರೋಕ್ವಿನೋನ್‌ನಿಂದ ಕೆಲವರಿಗೆ ಚರ್ಮದ ಅಲರ್ಜಿ ಆಗುತ್ತದೆ, ಕೈಗವಸು ಹಾಕಿಕೊಳ್ಳಿ. ಕಾಫಿಯ ಮಿಶ್ರಣವೂ ‘ನೈಸರ್ಗಿಕ’ ಎಂದು ನಿರಪಾಯವಲ್ಲ. ವಾಷಿಂಗ್ ಸೋಡಾ ಕಣ್ಣಿಗೆ ಬಿದ್ದರೆ ಉರಿ, ಗಾಯ ಎರಡೂ ಆಗಬಹುದು. ಪುಡಿ ಕಲಸುವಾಗ ಕಿಟಕಿ ತೆರೆದಿರಲಿ.

ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ಬಾವಿಯ ಪಕ್ಕ, ಕೆರೆಗೆ, ಗಿಡದ ಬುಡಕ್ಕೆ ಸುರಿಯಬಾರದು. ಬೇರೆ ಕ್ಯಾನ್‌ನಲ್ಲಿ ಸಂಗ್ರಹಿಸಿ, ಬಳಸಿದ ಹೈಪೊ ತೆಗೆದುಕೊಳ್ಳುವ ಫೋಟೊ ಅಥವಾ ಎಕ್ಸ್‌ರೇ ಲ್ಯಾಬ್‌ನವರನ್ನು ವಿಚಾರಿಸಿ ಕೊಡಿ.

ಸ್ಕ್ಯಾನ್: ಮೊಬೈಲ್‌ನಿಂದ ಆಗುತ್ತದೆಯೇ?

ಆಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮನೆಯವರಿಗೆ ತೋರಿಸುವ ಮಟ್ಟಿಗೆ ಮೊಬೈಲ್ ಸಾಕು. ಟ್ಯಾಬ್ ಅಥವಾ ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ಬಿಳಿ ಪರದೆ ತೆರೆದು, ಅದರಿಂದ ಕೆಲವು ಸೆಂಟಿಮೀಟರ್ ಮೇಲೆ ನೆಗೆಟಿವ್ ಹಿಡಿದು ಫೋಟೊ ತೆಗೆಯಿರಿ. ನೇರ ಪರದೆಗೆ ಅಂಟಿಸಿದರೆ ಪರದೆಯ ಚುಕ್ಕಿಗಳೂ ಚಿತ್ರದಲ್ಲಿ ಬರುತ್ತವೆ. ಕೋಣೆಯ ಬೇರೆ ದೀಪ ಆರಿಸಿ. ಆಮೇಲೆ ಎಡಿಟಿಂಗ್ ಆ್ಯಪ್‌ನಲ್ಲಿ ಕಪ್ಪು-ಬಿಳುಪು ತಿರುವುಮುರುವು ಮಾಡಿದರೆ ಚಿತ್ರ ಸಿದ್ಧ. ಫಿಲ್ಮ್‌ನ ಹೊಳೆಯುವ ಬದಿ ನಿಮ್ಮ ಕಡೆ ಇದ್ದು ಅಂಚಿನ ಅಕ್ಷರಗಳು ಸರಿಯಾಗಿ ಓದಲು ಬಂದರೆ ಚಿತ್ರ ಎಡಬಲ ಅದಲುಬದಲಾಗುವುದಿಲ್ಲ.

ಮುದ್ರಿಸಲು, ಕಾಪಿಡಲು ಬೇಕಾದರೆ ಫಿಲ್ಮ್ ಸ್ಕ್ಯಾನರ್ ಅಥವಾ ಮ್ಯಾಕ್ರೊ ಲೆನ್ಸ್ ಇರುವ ಕ್ಯಾಮೆರಾ ಬೇಕು. ಕಾಗದ ಸ್ಕ್ಯಾನ್ ಮಾಡುವ ಸಾಮಾನ್ಯ ಯಂತ್ರದಲ್ಲಿ ನೆಗೆಟಿವ್ ಬರುವುದಿಲ್ಲ. ಅದು ಕೆಳಗಿನಿಂದ ಬೆಳಕು ಬಿಟ್ಟು ಮರಳಿದ್ದನ್ನು ಓದುತ್ತದೆ, ನೆಗೆಟಿವ್‌ಗೆ ಹಿಂದಿನಿಂದ ಬೆಳಕು ಹಾಯಬೇಕು.

35 ಮಿ.ಮೀ. ಫಿಲ್ಮ್‌ನ ಒಂದು ಚಿತ್ರದ ಅಳತೆ 36 × 24 ಮಿ.ಮೀ. ಅದನ್ನು 2400 ಪಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 3400 × 2270 ಪಿಕ್ಸೆಲ್, ಅಂದರೆ 77 ಲಕ್ಷ ಪಿಕ್ಸೆಲ್ ಸಿಗುತ್ತದೆ. ಹನ್ನೊಂದು ಇಂಚು ಅಗಲದ ಒಳ್ಳೆಯ ಪ್ರಿಂಟ್‌ಗೆ ಇಷ್ಟು ಸಾಕು. ಮೂಲ ಪ್ರತಿಯನ್ನು ಟಿಫ್ ಫೈಲ್ ಆಗಿ ಉಳಿಸಿ, ಕಳುಹಿಸಲು ಬೇರೆ ಜೆಪೆಗ್ ಮಾಡಿಕೊಳ್ಳಿ. ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸುತ್ತದೆ, ಹಾಗಾಗಿ ಡಾಕ್ಯುಮೆಂಟ್ ಆಗಿ ಕಳುಹಿಸಿ.

ಒಂದು ಕಿವಿಮಾತು. ಸ್ಕ್ಯಾನರ್‌ಗಳಲ್ಲಿ ಧೂಳು-ಗೀರುಗಳನ್ನು ತಾನಾಗಿಯೇ ಅಳಿಸುವ ಡಿಜಿಟಲ್ ಐಸ್ ಎಂಬ ಸೌಲಭ್ಯ ಇರುತ್ತದೆ. ಅದು ಅವಕೆಂಪು ಕಿರಣ ಬಳಸುತ್ತದೆ. ಬಣ್ಣದ ಫಿಲ್ಮ್‌ನ ವರ್ಣಗಳ ಮೂಲಕ ಆ ಕಿರಣ ಹಾದುಹೋಗುತ್ತದೆ, ಕಪ್ಪು-ಬಿಳುಪಿನ ಬೆಳ್ಳಿ ಅದನ್ನು ತಡೆಯುತ್ತದೆ. ಯಂತ್ರ ಮುಖವನ್ನೇ ಧೂಳೆಂದು ತಿಳಿದು ಕೆಡಿಸಬಹುದು. ಕಪ್ಪು-ಬಿಳುಪಿಗೆ ಅದನ್ನು ಆಫ್ ಮಾಡಿ. ಗಾಳಿ ಊದುವ ರಬ್ಬರ್ ಬ್ಲೋವರ್‌ನಿಂದ ಧೂಳು ತೆಗೆಯಿರಿ, ಪಂಚೆ-ಟವೆಲ್‌ನಿಂದ ಉಜ್ಜಬೇಡಿ.

ಹೇಳಿಕೆ 3: ನೆಗೆಟಿವ್ ಮಾರಿದರೆ ಬೆಳ್ಳಿಯ ದುಡ್ಡು

ಬೆಳ್ಳಿ ಇರುವುದು ನಿಜ, ದುಡ್ಡು ಬರುವುದು ಸುಳ್ಳು. 36 ಚಿತ್ರಗಳ ಒಂದು ರೋಲ್‌ನ ಉದ್ದ ಸುಮಾರು ಒಂದೂವರೆ ಮೀಟರ್. ಅದರಲ್ಲಿನ ಬೆಳ್ಳಿ ಒಂದು ಗ್ರಾಂ ಕೂಡ ಆಗುವುದಿಲ್ಲ. ಅದರಲ್ಲೂ ಬೆಳಕು ತಾಗದ ಭಾಗದ ಬೆಳ್ಳಿ ಆಗಲೇ ಫಿಕ್ಸರ್‌ನಲ್ಲಿ ಕರಗಿಹೋಗಿರುತ್ತದೆ. ಉಳಿದದ್ದು ನಿಮ್ಮ ಮನೆಯವರ ಮುಖಗಳ ರೂಪದಲ್ಲಿದೆ.

ನೆಗೆಟಿವ್‌ಗೆ ನಿಜವಾದ ಅಪಾಯ ಬೇರೆಯದು. ಹಳೆಯ ಫಿಲ್ಮ್‌ಗಳಲ್ಲಿ ಬಹಳಷ್ಟು ಅಸಿಟೇಟ್ ಪ್ಲಾಸ್ಟಿಕ್‌ನವು. ಸೆಕೆ ಮತ್ತು ತೇವದಲ್ಲಿ ಅಸಿಟೇಟ್ ನಿಧಾನವಾಗಿ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಡಬ್ಬ ತೆರೆದಾಗ ವಿನೆಗರ್‌ನ ಹುಳಿ ವಾಸನೆ ಬಂದರೆ ಕೆಡುವಿಕೆ ಶುರುವಾಗಿದೆ ಎಂದರ್ಥ. ಮುಂದೆ ಫಿಲ್ಮ್ ಸುರುಟಿಕೊಳ್ಳುತ್ತದೆ, ಕುಗ್ಗುತ್ತದೆ, ಚಿತ್ರದ ಪದರ ಮಡಿಕೆ ಬೀಳುತ್ತದೆ. ಒಂದರ ಆಮ್ಲ ಪಕ್ಕದವನ್ನೂ ಕೆಡಿಸುತ್ತದೆ. ಮಂಗಳೂರು, ಕಾರವಾರದ ತೇವಕ್ಕೆ ಬೂಷ್ಟು ಕೂಡ ಸೇರಿಕೊಳ್ಳುತ್ತದೆ.

ಹುಳಿ ವಾಸನೆಯ ನೆಗೆಟಿವ್‌ಗಳನ್ನು ಬೇರೆ ಮಾಡಿ, ಅವನ್ನೇ ಮೊದಲು ಸ್ಕ್ಯಾನ್ ಮಾಡಿ. ಉಳಿದವನ್ನು ಕಾಗದದ ಅಥವಾ ಪಾಲಿಪ್ರೊಪಿಲೀನ್ ಲಕೋಟೆಯಲ್ಲಿ ಹಾಕಿ, ಪಿವಿಸಿ ಕವರ್ ಬೇಡ. ಅಟ್ಟಕ್ಕಿಂತ ಮನೆಯ ತಂಪಾದ, ಒಣಗಿದ ಒಳಕೋಣೆ ವಾಸಿ. ಲಕೋಟೆಯ ಮೇಲೆ ಊರು, ವರ್ಷ, ಚಿತ್ರದಲ್ಲಿರುವವರ ಹೆಸರು ಬರೆಯಿರಿ. ಹೆಸರು ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಕೂತು ಬರೆಸಿಕೊಳ್ಳಿ. ಸ್ಕ್ಯಾನ್ ಆಮೇಲೂ ಮಾಡಬಹುದು, ಹೆಸರು ಆಮೇಲೆ ಸಿಗುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಕಾಫಿ ವಿಡಿಯೊ ಕಳುಹಿಸುವುದಾದರೆ ಜೊತೆಗೆ ಈ ಮೂರು ಸಾಲನ್ನೂ ಸೇರಿಸಿ: ವಾಷಿಂಗ್ ಸೋಡಾ ಮತ್ತು ಹೈಪೊ ಇಲ್ಲದೆ ಆಗದು. ಕೆಂಪು ಬಲ್ಬ್ ಕೂಡ ಬೇಡ. ಮೊದಲು ಹೊಸ ರೋಲ್‌ನಲ್ಲಿ ಬೆಕ್ಕು, ಬೀದಿ, ಮಾವಿನಮರದ ಚಿತ್ರ ತೆಗೆದು ಅದನ್ನು ತೊಳೆದು ಕಲಿಯಿರಿ, ಮನೆಯ ಹಳೆಯ ರೋಲನ್ನು ಮುಟ್ಟುವುದು ಆಮೇಲೆ.